ಹಾಕ್ತೀನಿ ಅಂದನೋ, ನೋಡ್ತೀನಿ ಅಂದನೋ

ಆ ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ರೂಟಪ್ಪ. ರೂಟರ್ ಎಂಬ ಪೆಟ್ಟಿಗೆಗಳನ್ನು ನೋಡಿಕೊಳ್ಳುವವನಾದ್ದರಿಂದ ರೂಟಪ್ಪ. ಮೊದಲು ಹಾಗೆ ಕರೆದದ್ದು ಔಷಧಿ ಕೌಂಟರಿನ ಒಬ್ಬ ತರಲೆ. ವಾರದೊಳಗೆ ದೊಡ್ಡ ಡಾಕ್ಟರೂ ಹಾಗೇ ಕರೆಯತೊಡಗಿದರು. ಅವನಿಗೇನೂ ಬೇಸರವಿರಲಿಲ್ಲ. ಹದಿನೆಂಟು ವರ್ಷ ದುಡಿದರೂ ಕೊರಳಿನ ಗುರುತಿನ ಚೀಟಿಯಲ್ಲಿ ‘ತಾತ್ಕಾಲಿಕ’ ಎಂಬ ಹಳದಿ ಪಟ್ಟಿ ತೂಗುಹಾಕಿಕೊಂಡೇ ತಿರುಗುವವನಿಗೆ ಅಡ್ಡಹೆಸರಾದರೂ ಖಾಯಂ ಆಯಿತಲ್ಲ ಎಂದು ತಾನೇ ನಗುತ್ತಿದ್ದ.

ಅವನ ಕೆಲಸ ಏನೆಂದು ಹೇಳದೆ ಮುಂದೆ ಹೋದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅನ್ಯಾಯ ಮಾಡುವವರು ಮುಂದೆ ಬರುತ್ತಾರೆ, ನಾವೂ ಅವರ ಜೊತೆ ಸೇರುವುದು ಬೇಡ. ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ಒಂದೇ ರಾಶಿಗೆ ಹಾಕುವುದಿಲ್ಲ. ಲ್ಯಾಬಿನದ್ದು ಒಂದು ಗುಂಪು, ಔಷಧಿಯದು ಒಂದು, ಎಕ್ಸ್‌ರೇಯದು ಒಂದು, ಒಂದೊಂದು ವಾರ್ಡಿಗೆ ಒಂದೊಂದು. ಈ ಗುಂಪಿಗೆ ಸಬ್‌ನೆಟ್ ಅನ್ನುತ್ತಾರೆ. ನಾವು ಓಣಿ ಅಂದುಕೊಳ್ಳೋಣ. ಒಂದೇ ಓಣಿಯವು ಒಂದನ್ನೊಂದು ನೇರವಾಗಿ ಕೂಗಿ ಮಾತಾಡಿಸಬಲ್ಲವು. ಬೇರೆ ಓಣಿಗೆ ಸುದ್ದಿ ಹೋಗಬೇಕಾದರೆ ಅದನ್ನು ಚಿಕ್ಕ ಚಿಕ್ಕ ಲಕೋಟೆ ಮಾಡಿ, ಅಂದರೆ ಪ್ಯಾಕೆಟ್ ಮಾಡಿ, ಓಣಿಯ ಮೂಲೆಯಲ್ಲಿ ಕೂತ ರೂಟರಿನ ಕೈಗೆ ಕೊಡಬೇಕು. ಆ ರೂಟರಿಗೆ ಇಡೀ ದಾರಿ ಗೊತ್ತಿರುವುದಿಲ್ಲ. ಇಂಥ ಓಣಿಯದಾದರೆ ಮುಂದಿನ ಆ ಮೂಲೆಯವನ ಕೈಗೆ ದಾಟಿಸು ಎಂಬಷ್ಟೇ ಗೊತ್ತು. ಗೊತ್ತಿಲ್ಲದ ವಿಳಾಸ ಬಂದರೆ ಆಸ್ಪತ್ರೆಯ ಹೊರಬಾಗಿಲ ಕಡೆಗೆ ತಳ್ಳಿ ಕೈ ತೊಳೆದುಕೊಳ್ಳುತ್ತದೆ. ಅಲ್ಲಿರುವ ಕಾವಲು ಯಂತ್ರ ಅದನ್ನು ತಿರುಗಿಯೂ ನೋಡದೆ ಎಸೆಯುತ್ತದೆ. ‘ಇಂಥದ್ದು ಇಲ್ಲಿಗೆ’ ಎಂಬ ಆ ಸಾಲುಗಳನ್ನು ಒಂದೊಂದಾಗಿ ಕೈಯಾರೆ ಬರೆದಿಟ್ಟವನು ರೂಟಪ್ಪ.

ಈ ಕೆಲಸದಲ್ಲಿ ಹೊಸಬರು ಎಡವುವುದು ಒಂದೇ ಜಾಗದಲ್ಲಿ. ಹೋಗುವ ದಾರಿ ಬರೆಯುತ್ತಾರೆ, ಬರುವ ದಾರಿ ಮರೆಯುತ್ತಾರೆ. ವಾರ್ಡಿನ ಪ್ರಶ್ನೆ ಲ್ಯಾಬಿಗೆ ಹೋದ ಮಾತ್ರಕ್ಕೆ ಲ್ಯಾಬಿನ ಉತ್ತರ ಅದೇ ದಾರಿ ಹಿಡಿದು ವಾಪಸು ಬರುವುದಿಲ್ಲ. ಅದಕ್ಕೆ ಲ್ಯಾಬಿನ ಮೂಲೆಯ ರೂಟರಿನಲ್ಲಿ ಬೇರೆಯದೇ ಸಾಲು ಬೇಕು. ಅದಕ್ಕೆಂದೇ ರೂಟಪ್ಪನ ಬಳಿ ಗಟ್ಟಿ ರಟ್ಟಿನ ಒಂದು ಉದ್ದ ಪುಸ್ತಕವಿತ್ತು. ಪ್ರತಿ ದಾರಿಗೂ ಎರಡು ಸಾಲು. ಮೇಲಿನದು ‘ಹೋಗು’, ಕೆಳಗಿನದು ‘ಬಾ’. ಎರಡೂ ಸಾಲು ರೂಟರುಗಳಿಗೆ ಹಾಕಿ, ಪರೀಕ್ಷೆಯ ಲಕೋಟೆ ಕಳಿಸಿ, ಅದು ಹೋಗಿ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಮುಂದೊಂದು ಟಿಕ್. ಟಿಕ್ ಬೀಳದೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಚಹಾ ಆರಿ ತಣ್ಣಗಾಗಲಿ, ಸಾಹೇಬರು ಕರೆಯಲಿ, ಏಳುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಆ ಪುಸ್ತಕದ ಒಂದು ಟಿಕ್ಕೂ ಸುಳ್ಳು ಹೇಳಿರಲಿಲ್ಲ.

ಮನೆಯಲ್ಲಿ ಹೆಂಡತಿ ನರ್ಸುಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ. ಇದ್ದದ್ದು ಅವಳ ತಮ್ಮ. ತಾಯಿ ಹೋದ ಮೇಲೆ ಕಾಲೇಜಿನ ಮೊದಲ ವರ್ಷದಲ್ಲಿ ಅಕ್ಕನ ಮನೆಗೆ ಬಂದವನು ಮದುವೆಯಾಗುವವರೆಗೂ ಅಲ್ಲೇ ಉಳಿದ. ಅಕ್ಕನ ಜೀವವೆಲ್ಲ ಅವನ ಮೇಲೆ. ತಟ್ಟೆಗೆ ಬಡಿಸುವಾಗ ಅವಳ ಕೈ ತಮ್ಮನ ಕಡೆಗೆ ಒಂದು ಸೌಟು ಹೆಚ್ಚೇ ಬಾಗುತ್ತಿತ್ತು. ರೂಟಪ್ಪನಿಗೂ ಹುಡುಗ ಕಂಡರೆ ಆಸೆ. ಅಡುಗೆಮನೆಯ ನೆಲದ ಮೇಲೆ ಬೆಂಕಿಪೊಟ್ಟಣಗಳನ್ನು ಕಂಪ್ಯೂಟರು ಮಾಡಿ, ಲೋಟಗಳನ್ನು ರೂಟರು ಮಾಡಿ, ಹೊಲಿಗೆಯ ನೂಲು ಎಳೆದು ಅವನಿಗೆ ದಾರಿಯ ವಿದ್ಯೆ ಕಲಿಸಿದ. ಹುಡುಗನ ತಲೆ ಚುರುಕಾಗಿತ್ತು. ಭಾವನೇ ಕೈ ಹಿಡಿದು ಆಸ್ಪತ್ರೆಗೆ ಸೇರಿಸಿದ. ಆಮೇಲೆ ಹುಡುಗ ಪರೀಕ್ಷೆ ಬರೆದ, ಪ್ರಮಾಣಪತ್ರ ತಂದ, ಖಾಯಂ ಆದ, ಐದೇ ವರ್ಷದಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾದ. ಅವನಿಗೆ ಗಾಜಿನ ಬಾಗಿಲಿನ ಕೋಣೆ ಬಂತು. ಭಾವನ ಕುರ್ಚಿ ಹೊರಗೆ, ಮುದ್ರಣ ಯಂತ್ರದ ಪಕ್ಕದಲ್ಲೇ ಉಳಿಯಿತು. ಬಾಮೈದ ಸಾಹೇಬನಾದದ್ದಕ್ಕೆ ರೂಟಪ್ಪನಿಗೆ ಹೊಟ್ಟೆಕಿಚ್ಚಿತ್ತೇ ಎಂದು ಕೇಳುವವರಿದ್ದಾರೆ. ಇರಲಿಲ್ಲ. ಆ ದಿನ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅವನೇ, ಹಿಗ್ಗಿ ಇಡೀ ಲ್ಯಾಬಿಗೆ ಸಿಹಿ ಹಂಚಿದವನೂ ಅವನೇ.

ಆ ವರ್ಷ ಎರಡು ಸಂಗತಿ ನಡೆದವು. ಒಂದು, ತಾತ್ಕಾಲಿಕ ನೌಕರರಲ್ಲಿ ಹಳಬರನ್ನು ಖಾಯಂ ಮಾಡುವ ಪಟ್ಟಿ ತಯಾರಾಯಿತು. ಪಟ್ಟಿಯಲ್ಲಿ ರೂಟಪ್ಪನದು ಮೊದಲ ಹೆಸರು. ಸೂಚನಾ ಫಲಕದ ಮುಂದೆ ನಿಂತು ಅದನ್ನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಇನ್ನೊಂದು, ಭದ್ರತೆಯ ತಪಾಸಣೆಗೆ ಬಂದವರು ಮುಖ್ಯ ರೂಟರುಗಳ ಪಾಸ್‌ವರ್ಡು ಖಾಯಂ ನೌಕರರ ಕೈಯಲ್ಲಿ ಮಾತ್ರ ಇರಬೇಕು ಎಂದು ಬರೆದು ಹೋದರು. ಲ್ಯಾಬಿನ ರೂಟರೂ ಅದರಲ್ಲಿ ಸೇರಿತು. ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದವನು, ಮೊದಲ ಸಾಲು ಬರೆದವನು ರೂಟಪ್ಪ. ಈಗ ಅವನಿಗೇ ಅದರ ಬಾಗಿಲು ಹಾಕಿತು.

“ನಾಲ್ಕು ತಿಂಗಳು ಭಾವ, ಅಷ್ಟೇ,” ಎಂದ ಬಾಮೈದ. “ಖಾಯಂ ಆದೇಶ ಬರ್ಲಿ, ನಿಮ್ಮ ಪಾಸ್‌ವರ್ಡ್ ನಾನೇ ತಂದ್ಕೊಡ್ತೀನಿ. ಅಲ್ಲೀವರೆಗೂ ಆ ಪೆಟ್ಟಿಗೆ ತಂಟೆಗೆ ಹೋಗ್ಬೇಡಿ. ಲ್ಯಾಬ್ ಕಡೆ ಏನಿದ್ರೂ ನನಗೆ ಹೇಳಿ.”

“ಆಯ್ತು ಬಿಡೋ. ಅಷ್ಟಕ್ಕೆಲ್ಲ ಮುಖ ಸಣ್ಣ ಮಾಡ್ಬೇಡ,” ಎಂದ ರೂಟಪ್ಪ. ಮುಖ ಸಣ್ಣದಾಗಿದ್ದುದು ಅವನದೇ.

ಹೃದಯದ ರೋಗಿಗಳಿಗೆಂದು ಕಟ್ಟಿದ ಹೊಸ ಕಟ್ಟಡ ಉದ್ಘಾಟನೆಯಾದ ದಿನ ಎಲ್ಲ ಕೆಟ್ಟಿತು. ಉದ್ಘಾಟನೆ ಮಧ್ಯಾಹ್ನ ಮೂರಕ್ಕೆ. ಆದರೆ ಬರುವ ದೊಡ್ಡವರಿಗೆ ಖಾಲಿ ಹಾಸಿಗೆ ತೋರಿಸಿದರೆ ಚೆನ್ನಾಗಿರುವುದಿಲ್ಲ ಎಂದು ಆಡಳಿತಾಧಿಕಾರಿಗೆ ಅನ್ನಿಸಿತು. ಬೆಳಿಗ್ಗೆ ಹನ್ನೊಂದಕ್ಕೇ ಆರು ರೋಗಿಗಳನ್ನು ಹಳೇ ವಾರ್ಡಿನಿಂದ ತಳ್ಳುಗಾಡಿಯಲ್ಲಿ ತಂದು ಹೊಸ ಹಾಸಿಗೆಗಳ ಮೇಲೆ ಮಲಗಿಸಿದರು. ರೋಗಿಗಳು ಅಲಂಕಾರಕ್ಕೂ ಬರುತ್ತಾರೆ ಎಂದು ಆ ಮನುಷ್ಯನಿಗೆ ಆವತ್ತು ಹೊಳೆದಿರಬೇಕು. ಆ ಆರರಲ್ಲಿ ಒಬ್ಬ ಬಸ್ ಚಾಲಕ, ಐವತ್ತರ ಆಸುಪಾಸಿನವನು. ಬೆಳಿಗ್ಗೆ ತೆಗೆದ ಅವನ ರಕ್ತ ಲ್ಯಾಬಿನಲ್ಲಿತ್ತು.

ಹೊಸ ಕಟ್ಟಡದ ಓಣಿಯಿಂದ ಲ್ಯಾಬಿನ ಓಣಿಗೆ ದಾರಿ ಬರೆಯಲು ರೂಟಪ್ಪ ಹನ್ನೆರಡಕ್ಕೆ ಕೂತ. ಹೊಸ ಕಟ್ಟಡದ ರೂಟರು ಅವನ ಕೈಯಲ್ಲೇ ಇತ್ತು. ‘ಹೋಗು’ ಸಾಲು ಹಾಕಿದ, ಪುಸ್ತಕದಲ್ಲಿ ಬರೆದ. ‘ಬಾ’ ಸಾಲು ಲ್ಯಾಬಿನ ರೂಟರಿಗೆ ಹಾಕಬೇಕು. ಎದ್ದು ಗಾಜಿನ ಬಾಗಿಲು ತಟ್ಟಿದ. ಬಾಮೈದನ ಒಂದು ಕಿವಿಯಲ್ಲಿ ಫೋನಿತ್ತು, ಮುಂದೆ ಲ್ಯಾಬಿನ ರೂಟರಿನ ಪರದೆಯೇ ತೆರೆದಿತ್ತು.

“ಬರೋ ದಾರಿ ಇನ್ನೂ ಹಾಕಿಲ್ಲ ಕಣೋ. ವಿಳಾಸ ಈ ಚೀಟೀಲಿದೆ.”

ಬಾಮೈದ ಚೀಟಿ ತೆಗೆದುಕೊಂಡ. ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, “ಹಾಕ್ತೀನಿ ಭಾವ, ನೀವು ಊಟಕ್ಕೆ ಹೋಗಿ. ಆಮೇಲೆ ಬಾಗಿಲ ಹತ್ರ ಮೈಕಿನ ವೈರು ಎಳೆಯೋಕೆ ಜನ ಇಲ್ಲ, ನೀವು ಸ್ವಲ್ಪ ನಿಂತ್ಕೊಳ್ಳಿ,” ಎಂದ. ಹಾಗೆ ಎಂದನೆಂದು ರೂಟಪ್ಪನಿಗೆ ಕೇಳಿಸಿತು.

ವಾಪಸು ಬಂದು ಕುರ್ಚಿಯ ಮೇಲೆ ಕೂತ. ಪುಸ್ತಕ ಇನ್ನೂ ತೆರೆದೇ ಇತ್ತು. ‘ಬಾ’ ಸಾಲು ಬರೆದ. ಪರದೆ ತೆರೆದೇ ಇದೆ, ಚೀಟಿ ಕೈಯಲ್ಲಿದೆ, ಹಾಕ್ತೀನಿ ಅಂದಿದ್ದಾನೆ, ತಾನೇ ಕಲಿಸಿದ ಹುಡುಗ. ಅರ್ಧ ನಿಮಿಷದ ಕೆಲಸ. ಆ ದಾರಿಯ ಮುಂದೆ ಟಿಕ್ ಹಾಕಿ ಊಟಕ್ಕೆ ಎದ್ದ. ಹದಿನೆಂಟು ವರ್ಷದಲ್ಲಿ ಅವನು ಮಾಡಿದ ತಪ್ಪು ಇದೊಂದೇ, ಮತ್ತು ಅದು ಅವನದೇ ತಪ್ಪು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಅವನೂ ಒಪ್ಪುವುದಿಲ್ಲ.

ಒಂದು ಗಂಟೆಗೆ ಬಸ್ ಚಾಲಕನ ರಕ್ತದ ವರದಿ ಸಿದ್ಧವಾಯಿತು. ಪೊಟ್ಯಾಶಿಯಂ ವಿಪರೀತ ಏರಿತ್ತು; ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದಾದಷ್ಟು. ಮೊದಲಾಗಿದ್ದರೆ ಲ್ಯಾಬಿನ ಮೇಲ್ವಿಚಾರಕಿ, ಎಲ್ಲರೂ ರಕ್ತದ ಮೇಡಂ ಎಂದು ಕರೆಯುವಾಕೆ, ತಕ್ಷಣ ಫೋನೆತ್ತುತ್ತಿದ್ದಳು. ಈಗ ಫೋನು ಮಾಡಬೇಡಿ, ಎಲ್ಲ ಪರದೆಯ ಮೇಲೇ ಕಾಣುತ್ತದೆ ಎಂದು ಆದೇಶವಾಗಿತ್ತು. ವರದಿಗೆ ಕೆಂಪು ಗುರುತು ಹಾಕಿ ಅವಳು ಮುಂದಿನ ಸೀಸೆ ಎತ್ತಿಕೊಂಡಳು. ಹೊಸ ಕಟ್ಟಡದ ನರ್ಸಿನ ಪರದೆ ಲ್ಯಾಬನ್ನು ಕೇಳುತ್ತಲೇ ಇತ್ತು. ಪ್ರಶ್ನೆ ಲ್ಯಾಬಿಗೆ ತಲುಪುತ್ತಿತ್ತು. ಉತ್ತರ ಹೊರಡುತ್ತಿತ್ತು, ಮೂಲೆಯ ರೂಟರಿಗೆ ಆ ಹೊಸ ಓಣಿ ಗೊತ್ತಿಲ್ಲದೆ ಹೊರಬಾಗಿಲಿಗೆ ಹೋಗಿ ಕಸವಾಗುತ್ತಿತ್ತು. ಉತ್ತರ ಬಾರದಿದ್ದಾಗ ಆ ಪರದೆಯಾದರೂ ‘ಸಂಪರ್ಕವಿಲ್ಲ’ ಎಂದಿದ್ದರೆ ಯಾರಾದರೂ ಓಡುತ್ತಿದ್ದರು. ಅದನ್ನು ಮಾಡಿಕೊಟ್ಟ ಪುಣ್ಯಾತ್ಮರು ಅಲ್ಲಿ ಬರೆದಿಟ್ಟಿದ್ದದ್ದು ‘ವರದಿ ಬಾಕಿ’ ಎಂದು. ನರ್ಸ್ ಕಾದಳು. ವಾರ್ಡಿನವರು ಈಗಾಗಲೇ ನೋಡಿರುತ್ತಾರೆ ಎಂದು ಲ್ಯಾಬಿನವರು ಅಂದುಕೊಂಡರು.

ಎರಡೂ ಹತ್ತಕ್ಕೆ ನರ್ಸ್ ತಡೆಯಲಾರದೆ ಫೋನು ಮಾಡಿದಳು.

“ಆಗಲೇ ಕಳಿಸಿದ್ದೀವಲ್ಲಮ್ಮ, ಒಂದು ಗಂಟೆಗೇ.”

“ಇಲ್ಲಿ ಬಾಕಿ ಅಂತಾನೇ ಬರ್ತಿದೆ ಮೇಡಂ.”

ರಕ್ತದ ಮೇಡಂ ಕಾಗದ ಹಿಡಿದುಕೊಂಡು ಓಡಿ ಬಂದಳು. ದಾರಿಯಲ್ಲಿ ಉದ್ಘಾಟನೆಗೆ ಕಟ್ಟಿದ ಹಗ್ಗ, ಹೂಕುಂಡ, ಕುರ್ಚಿಗಳ ಸಾಲು. ಹೊಸ ಕಟ್ಟಡದ ಬಾಗಿಲಲ್ಲೇ ಏಣಿ ಮೇಲೆ ನಿಂತು ವೈರು ಕಟ್ಟುತ್ತಿದ್ದ ರೂಟಪ್ಪನಿಗೆ ಅವಳು ಏದುಸಿರು ಬಿಡುತ್ತ ಹಗ್ಗ ದಾಟಿದ್ದು ಕಂಡಿತು. ಏನೆಂದು ಹೊಳೆಯಲಿಲ್ಲ. ಡಾಕ್ಟರರು ಚುಚ್ಚುಮದ್ದು ಎತ್ತಿಕೊಳ್ಳುವ ಹೊತ್ತಿಗೆ ಬಸ್ ಚಾಲಕನ ಹೃದಯ ನಿಂತಿತ್ತು. ಎರಡೂ ನಲವತ್ತಕ್ಕೆ ಎಲ್ಲ ಬಿಟ್ಟು ಕೈಚೆಲ್ಲಿದರು. ಉದ್ಘಾಟನೆಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದರು, ಅಷ್ಟೇ, ನಿಲ್ಲಿಸಲಿಲ್ಲ.

ಎರಡೂ ಐವತ್ತಕ್ಕೆ ಬಾಮೈದ ತನ್ನ ಕೋಣೆಗೆ ಓಡಿ ಲ್ಯಾಬಿನ ರೂಟರಿಗೆ ಆ ಒಂದು ಸಾಲು ಹಾಕಿದ. ಯಂತ್ರ ಅದನ್ನು ನಿಷ್ಠೆಯಿಂದ ದಾಖಲಿಸಿಕೊಂಡಿತು: ಇಂಥ ಹೊತ್ತು, ಇಂಥವರು, ಇಂಥ ಸಾಲು. ಹನ್ನೆರಡೂವರೆಗೆ ಹಾಕ್ತೀನಿ ಅಂದ ಮಾತನ್ನು ದಾಖಲಿಸುವ ಯಂತ್ರ ಎಲ್ಲೂ ಇರಲಿಲ್ಲ. ಸಂಜೆ ಪುಸ್ತಕ, ಯಂತ್ರದ ದಾಖಲೆ ಎರಡನ್ನೂ ಆಡಳಿತಾಧಿಕಾರಿಯ ಮುಂದೆ ಇಟ್ಟಾಗ ಕಂಡದ್ದು ಎರಡೇ ಸಂಗತಿ. ದಾರಿ ಸರಿಯಾಗಿದೆ ಎಂದು ರೂಟಪ್ಪನ ಕೈಬರಹದ ಸುಳ್ಳು ಟಿಕ್. ತಪ್ಪನ್ನು ಹತ್ತೇ ನಿಮಿಷದಲ್ಲಿ ಪತ್ತೆ ಹಚ್ಚಿ ಸರಿಪಡಿಸಿದ ವಿಭಾಗದ ಮುಖ್ಯಸ್ಥ.

ಮಾರನೆಯ ದಿನ ರೂಟಪ್ಪ ಬಾಮೈದನನ್ನು ಮೆಟ್ಟಿಲ ಬಳಿ ಹಿಡಿದ.

“ನೀನು ಹಾಕ್ತೀನಿ ಅಂದ್ಯಲ್ಲೋ.”

ಬಾಮೈದ ಅವನ ಮುಖ ನೋಡಲಿಲ್ಲ. “ಇಲ್ಲ ಭಾವ. ನೋಡ್ತೀನಿ ಅಂದೆ. ಕಾರ್ಯಕ್ರಮ ಮುಗೀಲಿ, ನೋಡ್ತೀನಿ ಅಂದೆ. ನಿಮಗೆ ಆ ಗಲಾಟೇಲಿ ಹಾಗೆ ಕೇಳಿಸಿರ್ಬೇಕು.”

ಇಡೀ ವಿಷಯ ಆ ಒಂದು ಮಾತಿಗೆ ಬಂದು ನಿಂತಿತು. ‘ಹಾಕ್ತೀನಿ’ ಎಂದರೆ ಒಪ್ಪಿಕೊಂಡ ಮಾತು; ಅದರ ಮೇಲೆ ಟಿಕ್ ಹಾಕಿದವನನ್ನು ಅವಸರದವನು ಎನ್ನಬಹುದು, ಹೆಚ್ಚೆಂದರೆ. ‘ನೋಡ್ತೀನಿ’ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲಸ ಕೇಳಲು ಹೋದವನಿಗೆ ಅಧಿಕಾರಿ ನೋಡ್ತೀನಿ ಅನ್ನುತ್ತಾನೆ. ಮದುವೆಗೆ ಕರೆದರೆ ಬರಲು ಮನಸ್ಸಿಲ್ಲದ ನೆಂಟ ನೋಡ್ತೀನಿ ಅನ್ನುತ್ತಾನೆ. ಆಗುವುದಿಲ್ಲ ಎಂಬುದನ್ನು ಎದುರಿಗಿದ್ದವರ ಮನಸ್ಸು ನೋಯದಂತೆ ಹೇಳುವ ಮಾತು ಅದು. ಅದನ್ನು ಕೇಳಿಸಿಕೊಂಡೂ ಆಯಿತು ಎಂದು ಟಿಕ್ ಹಾಕಿದವನು ಬೇಜವಾಬ್ದಾರಿ, ಒಬ್ಬ ಮನುಷ್ಯನ ಜೀವ ತೆಗೆದವನು.

ವಿಚಾರಣೆಗೆ ಹನ್ನೊಂದು ದಿನವಿತ್ತು. ಮೊದಲ ಮೂರು ದಿನ ರೂಟಪ್ಪನಿಗೆ ಸಿಟ್ಟಿತ್ತು. ಸಿಟ್ಟಿದ್ದಷ್ಟು ದಿನ ಚೆನ್ನಾಗಿದ್ದ. ಆಮೇಲೆ ಅನುಮಾನ ಶುರುವಾಯಿತು, ಅದೂ ತನ್ನ ಮೇಲೆಯೇ. ಆ ಹುಡುಗ ಸುಳ್ಳು ಹೇಳುವವನಲ್ಲ. ಹತ್ತು ವರ್ಷ ತನ್ನ ಮನೆಯಲ್ಲಿ ಬೆಳೆದವನು. ಫೋನಿಗೆ ಅಂಗೈ ಅಡ್ಡ ಹಿಡಿದಿದ್ದ, ಪಕ್ಕದಲ್ಲಿ ಮುದ್ರಣ ಯಂತ್ರ ಗರಗರ ಅನ್ನುತ್ತಿತ್ತು. ಹಾಕ್ತೀನಿ, ನೋಡ್ತೀನಿ, ಬಾಲ ಒಂದೇ. ಬಚ್ಚಲಲ್ಲಿ, ಬಸ್ಸಿನಲ್ಲಿ, ತಟ್ಟೆಯ ಮುಂದೆ ಎರಡೂ ಮಾತನ್ನು ಬಾಯೊಳಗೇ ಹೇಳಿ ಹೇಳಿ ನೋಡಿದ. ಸಾವಿರ ಸಲ ಹೇಳಿದರೆ ಯಾವ ಮಾತಾದರೂ ಬರೀ ಸದ್ದಾಗುತ್ತದೆ.

“ಅವನು ಹಾಕ್ತೀನಿ ಅಂತಾನೇ ಅಂದಿದ್ದು ಅಲ್ವೇನೆ?” ಎಂದು ಹೆಂಡತಿಯನ್ನು ಕೇಳಿದ. ದಿನಕ್ಕೆ ಎರಡು ಸಲ ಕೇಳಿದ.

“ನನಗೇನ್ರೀ ಗೊತ್ತು, ನಾನಿದ್ನಾ ಅಲ್ಲಿ?” ಎನ್ನುತ್ತಿದ್ದಳು ಅವಳು, ಹೊಲಿಗೆಯಿಂದ ತಲೆಯೆತ್ತದೆ.

ಒಂದು ದಿನ ಅವಳೇ ಹೇಳಿದಳು: “ಸುಮ್ಮನೆ ಕೊರಗೋ ಬದಲು ಒಂದ್ಸಲ ಕಿವಿ ತೋರಿಸ್ಕೊಳ್ಳಿ. ಈಚೆಗೆ ನಾನು ಕರೆದ್ರೂ ನಿಮಗೆ ಕೇಳ್ಸಲ್ಲ.” ತಾನೇ ಜೊತೆಗೆ ಬಂದಳು. ಅದೇ ಆಸ್ಪತ್ರೆ, ಹೊರರೋಗಿ ವಿಭಾಗ, ಚೀಟಿ ಹಿಡಿದು ಸಾಲಿನಲ್ಲಿ ಕೂತರು. ಕಿವಿಯ ಡಾಕ್ಟರರು ತಲೆಗೆ ಹೆಡ್‌ಫೋನು ಸಿಕ್ಕಿಸಿ ಸಣ್ಣ ಸದ್ದು, ದೊಡ್ಡ ಸದ್ದು ಎಲ್ಲ ಕೇಳಿಸಿದರು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ರೂಟಪ್ಪ ಒಂದನ್ನೂ ಬಿಡದೆ ಎತ್ತಿದ. “ಏನ್ರೀ ರೂಟಪ್ಪ, ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ,” ಎಂದು ಅವರು ನಕ್ಕರು. ಅವನಿಗೆ ಸಮಾಧಾನವಾಗುವ ಬದಲು ಇನ್ನೂ ಭಯವಾಯಿತು. ಕಿವಿ ಸರಿಯಿದ್ದರೆ ಕೆಟ್ಟಿರುವುದು ತಲೆಯೇ ಎಂದುಕೊಂಡ.

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಬಸ್ ಚಾಲಕನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅವನ ಚಪ್ಪಲಿ. ಆಸ್ಪತ್ರೆಯವರು ಆವತ್ತಷ್ಟೇ ಕೊಟ್ಟಿದ್ದರು. ರೂಟಪ್ಪ ಅವಳ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿದ. ಹಾಕ್ತೀನಿಯೋ ನೋಡ್ತೀನಿಯೋ, ಆ ಟಿಕ್ ಹಾಕುವ ಮೊದಲು ಒಂದು ಲಕೋಟೆ ಕಳಿಸಿ ನೋಡಿದ್ದರೆ ಈ ಹೆಂಗಸು ಇಲ್ಲಿ ಕೂತಿರುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಒಳಗೆ ಕೂತಿದ್ದ ಯಾರೂ ಅವನಿಗೆ ಅದನ್ನು ಹೇಳಬೇಕಾಗಿರಲಿಲ್ಲ.

ಮೇಜಿನ ಹಿಂದೆ ಮೂವರಿದ್ದರು. ನಡುವೆ ನಿವೃತ್ತ ಶಸ್ತ್ರವೈದ್ಯೆ, ಬಿಳಿ ಕೂದಲಿನ ಬಿಗಿ ಮುಖದವರು. ಅವರ ಮುಂದೆ ಆ ಉದ್ದ ಪುಸ್ತಕ.

“ಈ ಟಿಕ್ ನಿಮ್ಮದಾ?”

“ನಂದೇ ಮೇಡಂ.”

“ಟಿಕ್ ಅಂದ್ರೆ ಏನರ್ಥ?”

“ಸಾಲು ಹಾಕಿ ಆಗಿದೆ, ಪರೀಕ್ಷೆ ಮಾಡಿ ಆಗಿದೆ ಅಂತ.”

“ಪರೀಕ್ಷೆ ಮಾಡಿದ್ರಾ?”

“ಇಲ್ಲ.”

“ಮತ್ತೆ ಯಾಕೆ ಹಾಕಿದ್ರಿ?”

“ಸರ್ ಹಾಕ್ತೀನಿ ಅಂದ್ರು. ನಂಬಿದೆ.” ಮನೆಯಲ್ಲಿ ‘ಏನೋ’ ಎಂದು ಕರೆಯುವವನನ್ನು ಅಲ್ಲಿ ಸರ್ ಎಂದ.

ಬಾಮೈದನನ್ನು ಕೇಳಿದರು. ಅವನು ಎದ್ದು ನಿಂತು, ಬಾಯಿಪಾಠ ಒಪ್ಪಿಸಿದವನ ಹಾಗೆ ಒಂದೇ ಉಸಿರಿಗೆ ಹೇಳಿದ: “ನೋಡ್ತೀನಿ ಅಂದಿದ್ದೆ ಮೇಡಂ. ಅವರು ಹಿರಿಯರು, ಒಳ್ಳೆ ಕೆಲಸಗಾರರು. ಈಚೆಗೆ ಸ್ವಲ್ಪ ಮರೆವು, ಸ್ವಲ್ಪ ಕಿವಿ. ಮೊನ್ನೆ ಪರೀಕ್ಷೆ ಕೂಡ ಮಾಡಿಸ್ಕೊಂಡ್ರು.”

ವೈದ್ಯೆ ಕನ್ನಡಕ ತೆಗೆದು ರೂಟಪ್ಪನನ್ನೇ ನೋಡಿದರು. ಅವರ ದನಿಯಲ್ಲಿ ದ್ವೇಷವೇನೂ ಇರಲಿಲ್ಲ. ಅವರಿಗೆ ನಿಜ ಬೇಕಿತ್ತು. “ನೋಡಿ, ಇದು ನಿಮ್ಮ ಮಾತು, ಅದು ಅವರ ಮಾತು. ಅವರು ಹಾಕ್ತೀನಿ ಅಂತಾನೇ ಅಂದ್ರು ಅಂತ ನೀವು ಖಚಿತವಾಗಿ ಹೇಳಿದ್ರೆ ನಾನು ಹಾಗೇ ಬರ್ಕೊಂಡು ಮುಂದೆ ವಿಚಾರಿಸ್ತೀನಿ. ಹೇಳ್ತೀರಾ?”

ಹನ್ನೊಂದು ದಿನದ ಹಿಂದೆ ಕೇಳಿದ್ದರೆ ಕಡ್ಡಿ ಮುರಿದ ಹಾಗೆ ಹೌದು ಅನ್ನುತ್ತಿದ್ದ. ಈಗ ಬಾಮೈದನ ಮುಖ ನೋಡಿದ, ಮುಂದಿದ್ದ ಪುಸ್ತಕ ನೋಡಿದ. ಒಬ್ಬ ಮನುಷ್ಯ ಸತ್ತಿದ್ದಾನೆ; ಗೊತ್ತಿಲ್ಲದ್ದನ್ನು ಗೊತ್ತು ಎಂದು ಇನ್ನೊಂದು ಸಲ ಹೇಳಬಾರದು ಎಂದು ಅವನಿಗೆ ಅನ್ನಿಸಿತು.

“ಖಚಿತ ಅಂತ ಅಂದ್ಕೊಂಡಿದ್ದೆ ಮೇಡಂ,” ಎಂದ. “ಈಗ ಹೇಳೋಕಾಗ್ತಿಲ್ಲ.”

ಅಲ್ಲಿಗೆ ಮುಗಿಯಿತು. ಅವರು ಬರೆದುಕೊಂಡರು. ವಾರದೊಳಗೆ ಕಾಗದ ಬಂತು: ತಾತ್ಕಾಲಿಕ ಸೇವೆ ಕೊನೆಗೊಳಿಸಲಾಗಿದೆ. ಖಾಯಂ ಪಟ್ಟಿಯ ಮೊದಲ ಹೆಸರಿನ ಮೇಲೆ ಗೆರೆ ಬಿತ್ತು, ಎರಡನೆಯವನು ಮೊದಲನೆಯವನಾದ. ಅದೇ ತಿಂಗಳು ವಿಭಾಗದ ಮುಖ್ಯಸ್ಥನಿಗೆ ಸಮಯಪ್ರಜ್ಞೆಗಾಗಿ ಪ್ರಶಂಸಾ ಪತ್ರ. ಔಷಧಿ ಕೌಂಟರಿನ ತರಲೆ ಅದನ್ನು ಓದಿ, “ಬೆಂಕಿ ಇಟ್ಟವನೇ ನೀರು ಹಾಕಿದ ಅಂತ ಬಹುಮಾನಾನಾ?” ಎಂದನಂತೆ. ಎಂದದ್ದು ಊಟದ ಕೋಣೆಯಲ್ಲಿ. ವಿಚಾರಣೆಯಲ್ಲಿ ಅವನನ್ನು ಯಾರೂ ಕರೆದಿರಲಿಲ್ಲ, ಕರೆದಿದ್ದರೆ ಅವನೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ.

ಮೂರು ತಿಂಗಳು ಕಳೆದವು. ರೂಟಪ್ಪ ಅವರಿವರ ಮನೆಗೆ ಹೋಗಿ ಇಂಟರ್ನೆಟ್ ಪೆಟ್ಟಿಗೆ ಕೂರಿಸುವ ಕೆಲಸ ಹಿಡಿದ. ಒಂದೇ ಮನೆ, ಒಂದೇ ಓಣಿ. ದಾರಿ ಬರೆಯುವ ಪ್ರಮೇಯವೇ ಇಲ್ಲ. ಕೆಲಸದ ನಡುವೆ ಯಾರಾದರೂ ಏನಾದರೂ ಹೇಳಿದರೆ, “ಏನಂದ್ರಿ? ಇನ್ನೊಂದ್ಸಲ ಹೇಳಿ,” ಎಂದು ಎರಡೆರಡು ಬಾರಿ ಕೇಳುವ ಅಭ್ಯಾಸವಾಗಿತ್ತು. ಕೆಲವರು ಪಾಪ ಕಿವುಡ ಎಂದುಕೊಂಡು ಕೂಗಿ ಹೇಳುತ್ತಿದ್ದರು. ಬಾಮೈದ ಮೊದಮೊದಲು ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಭಾನುವಾರ ಬರತೊಡಗಿದ, ಭಾವ ಇಲ್ಲದ ಹೊತ್ತು ನೋಡಿಕೊಂಡು. ಇದ್ದರೆ ರೂಟಪ್ಪನೇ ಮಹಡಿ ಹತ್ತಿ ಹೋಗುತ್ತಿದ್ದ. ಸಿಟ್ಟಿನಿಂದಲ್ಲ. ಆ ಹುಡುಗನ ಮೇಲೆ ಸುಳ್ಳು ಹೊರಿಸಿದೆನೇನೋ ಎಂಬ ನಾಚಿಕೆಯಿಂದ.

ಅಂಥದೊಂದು ಭಾನುವಾರ, ಹನ್ನೊಂದು ಗಂಟೆಯ ಬಿಸಿಲು. ಬಾಮೈದ ಬಂದು ಕೆಳಗಿನಿಂದಲೇ ಮಾತಾಡಿ ಹೋಗಿದ್ದ. ಹೆಂಡತಿ ಒಗೆದ ಬಟ್ಟೆಯ ಬಕೆಟ್ಟು ಹೊತ್ತು ಮಹಡಿಗೆ ಬಂದಳು. ದಪ್ಪ ಹೊದಿಕೆಯೊಂದನ್ನು ಹಿಂಡಬೇಕಿತ್ತು. ಒಂದು ತುದಿ ಅವನ ಕೈಗೆ ಕೊಟ್ಟು ಇನ್ನೊಂದು ತುದಿ ತಾನು ಹಿಡಿದಳು. ಇಬ್ಬರೂ ತಿರುಚತೊಡಗಿದರು.

“ಎಷ್ಟು ದಿನ ಅಂತ ಹೀಗೆ ಮುಖ ತಿರುಗಿಸ್ಕೊಂಡಿರ್ತೀರಾ ಅವನ ಹತ್ರ?” ಎಂದಳು. “ಚಿಕ್ಕವನು. ಆವತ್ತು ಆ ಕುರ್ಚಿ ಗಲಾಟೇಲಿ ಮರೆತ. ಅದಕ್ಕೆ ಜೀವಮಾನ ಪೂರ್ತಿ ಸಾಧಿಸ್ತೀರಾ?”

ರೂಟಪ್ಪನ ಕೈ ನಿಂತಿತು.

“ಯಾವ ಕುರ್ಚಿ ಗಲಾಟೆ?”

ಅವಳು ಹೊದಿಕೆ ತಿರುಚುತ್ತಲೇ ಇದ್ದಳು. ಆ ತುದಿಯಿಂದ ಈ ತುದಿಗೆ ಅವಳ ಕೈಯ ಬಲ ಬರುತ್ತಿತ್ತು.

“ಅದೇ ಫೋನು. ಉದ್ಘಾಟನೆಗೆ ಕುರ್ಚಿ ಸಾಲಲ್ಲ, ನೀನೇ ಬಂದು ನೋಡು ಅಂತ…” ಅಲ್ಲಿಗೆ ಅವಳಿಗೂ ಗೊತ್ತಾಯಿತು.

“ಫೋನಲ್ಲಿ ಏನಂದ್ರು ಅಂತ ನನಗೇ ಗೊತ್ತಿಲ್ಲ. ನಿಂಗೆ ಯಾರು ಹೇಳಿದ್ರು?”

ಪಕ್ಕದ ಮಹಡಿಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು. ಅವಳು ಆ ಕಡೆ ನೋಡಿದಳು, ತನ್ನ ಕಾಲು ನೋಡಿದಳು.

“ಅವನೇ,” ಎಂದಳು.

“ಏನಂತ?”

“ಹಾಕ್ತೀನಿ ಅಂದಿದ್ದೆ ಅಕ್ಕ, ಚೀಟಿ ಕೈಲೇ ಇತ್ತು, ಫೋನಲ್ಲಿ ಕರೆದ್ರು ಅಂತ ಎದ್ದು ಓಡಿದೆ, ಮರೆತೆ ಅಂತ. ಅಳ್ತಾ ಹೇಳಿದ.”

“ಯಾವಾಗ?”

ಅವಳು ಹೊದಿಕೆಯನ್ನು ಇನ್ನೊಂದು ಸುತ್ತು ತಿರುಚಿದಳು.

“ಯಾವಾಗ ಅಂತ ಕೇಳ್ದೆ.”

“ಆವತ್ತೇ ಸಂಜೆ. ನೀವಿನ್ನೂ ಆಸ್ಪತ್ರೇಲಿದ್ರಿ.”

ರೂಟಪ್ಪನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂದು ಥರದ ನಿರಾಳ. ಹಾಕ್ತೀನಿ ಅಂತಾನೇ ಅಂದಿದ್ದ. ತನ್ನ ಕಿವಿ ಸರಿಯಿತ್ತು, ತಲೆಯೂ ಸರಿಯಿತ್ತು. ಆ ನಿರಾಳ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಉಳಿದದ್ದು ಬಂತು, ತಡೆಯಲಾಗದಂತೆ.

“ದಿನಕ್ಕೆರಡು ಸಲ ಕೇಳ್ದೆ ನಿನ್ನ. ನನಗೇನ್ರೀ ಗೊತ್ತು ಅಂದೆ. ಕಿವಿ ಡಾಕ್ಟರ ಹತ್ರ ನೀನೇ ಕರ್ಕೊಂಡು ಹೋದೆ. ಪಕ್ಕದಲ್ಲೇ ಕೂತಿದ್ದೆ ಕಣೇ ನೀನು. ನಾನು ಬೆರಳೆತ್ತೋದನ್ನ ನೋಡ್ತಾ ಕೂತಿದ್ದೆ. ಕೆಲಸ ಹೋದ್ರೆ ಹೋಗ್ಲಿ. ನನ್ನ ತಲೇನೇ ಕೆಟ್ಟಿದೆ ಅಂತ ನಂಬ್ಕೊಂಡು ಮೂರು ತಿಂಗಳು ಬದುಕಿದ್ನಲ್ಲ, ಅದನ್ನ ಹೇಗೆ ನೋಡ್ಕೊಂಡಿದ್ದೆ?”

ಅವಳ ಕಣ್ಣಲ್ಲಿ ನೀರು ಬಂತು, ಆದರೆ ಹೊದಿಕೆಯ ತುದಿ ಬಿಡಲಿಲ್ಲ. ಬಹಳ ದಿನದಿಂದ ಒಳಗೇ ಅಳೆದು ತೂಗಿ ಇಟ್ಟುಕೊಂಡಿದ್ದ ಮಾತಿರಬೇಕು, ತಡವರಿಸದೆ ಬಂತು.

“ಇಬ್ಬರಲ್ಲಿ ಒಬ್ಬರದು ಹೋಗ್ಲೇಬೇಕಿತ್ತು ರೀ. ಅವನದು ಖಾಯಂ. ನೀವು ಹೇಗೂ ತಾತ್ಕಾಲಿಕ ತಾನೇ.”

ಹೊದಿಕೆಯಿಂದ ನೀರು ಇಬ್ಬರ ಕಾಲ ಮೇಲೂ ಸುರಿಯುತ್ತಿತ್ತು. ರೂಟಪ್ಪ ತನ್ನ ತುದಿಯನ್ನು ತಂತಿಯ ಮೇಲೆ ಹಾಕಿ, ಕೈ ಒರೆಸಿಕೊಂಡು, ಮೆಟ್ಟಿಲಿಳಿದ. ಹಿಂದಿನಿಂದ ಅವಳು ಎರಡು ಸಲ ಕರೆದಳು. ಎರಡೂ ಸಲ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.